ಕಪ್ಪಗೆ ಕಂಡದ್ದೆಲ್ಲ ಕ್ಯಾನ್ಸರ್ ಅಲ್ಲ

ನಾನು ನ್ಯೂಕ್ಲಿಯರ್ ಮೆಡಿಸಿನ್ ವೈದ್ಯ. ಆಸ್ಪತ್ರೆಗಳಲ್ಲಿ ನಮ್ಮ ವಿಭಾಗ ಹೆಚ್ಚಾಗಿ ನೆಲಮಾಳಿಗೆಯಲ್ಲೇ ಇರುತ್ತದೆ. ವಿಕಿರಣದ ಹಳದಿ ಫಲಕ ನೋಡಿ ಬೇರೆ ವಿಭಾಗದ ವೈದ್ಯರೂ ಬಾಗಿಲಲ್ಲೇ ನಿಂತು ಮಾತಾಡಿ ಹೋಗುತ್ತಾರೆ. ಕಾರ್-ಟಿ ಚಿಕಿತ್ಸೆ ಬಂದಮೇಲೆ ಮಾತ್ರ ರಕ್ತ ಕ್ಯಾನ್ಸರ್ ವೈದ್ಯರು ಒಳಗೇ ಬಂದು ನಮ್ಮ ಮಾನಿಟರ್ ಮುಂದೆ ಕುರ್ಚಿ ಎಳೆದುಕೊಂಡು ಕೂರತೊಡಗಿದ್ದಾರೆ.

ಈ ಚಿಕಿತ್ಸೆಯಲ್ಲಿ ರೋಗಿಯ ರಕ್ತದಿಂದಲೇ ಟಿ ಕೋಶಗಳನ್ನು ಬೇರ್ಪಡಿಸುತ್ತಾರೆ. ಪಳಗಿಸಿದ ವೈರಸ್ಸಿನ ಮೂಲಕ ಅವಕ್ಕೆ ಹೊಸದೊಂದು ಜೀನ್ ಸೇರಿಸಿ, ಕ್ಯಾನ್ಸರ್ ಕೋಶದ ಮೈಮೇಲಿನ ಗುರುತೊಂದನ್ನು ಹಿಡಿಯುವ ಶಕ್ತಿ ಕೊಟ್ಟು, ಲ್ಯಾಬಿನಲ್ಲಿ ಕೋಟಿಗಟ್ಟಲೆ ಬೆಳೆಸಿ, ಮತ್ತೆ ಅದೇ ರೋಗಿಯ ರಕ್ತನಾಳಕ್ಕೆ ಹರಿಸುತ್ತಾರೆ. ಅಮೆರಿಕದಲ್ಲಿ ಇಂಥ ಮೊದಲ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿದ್ದು 2017ರ ಆಗಸ್ಟಿನಲ್ಲಿ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಆಸ್ಪತ್ರೆಯ ಕೆಲಸದಿಂದ ಹುಟ್ಟಿದ ನೆಕ್ಸ್‌ಕಾರ್19 ನಮ್ಮ ದೇಶದಲ್ಲಿ 2023ರ ಅಕ್ಟೋಬರಿನಲ್ಲಿ ಅನುಮತಿ ಪಡೆಯಿತು. 2025ರ ಜನವರಿಯಲ್ಲಿ ಬೆಂಗಳೂರಿನದೇ ಕಂಪನಿ ಇಮ್ಯುನೀಲ್, ಕಾರ್ಟೆಮಿ ಎಂಬ ಹೆಸರಿನಲ್ಲಿ ತನ್ನ ಕಾರ್-ಟಿಯನ್ನು ಹೊರತಂದಿತು. ಹೀಗಾಗಿ ಹೊರದೇಶದ ಜರ್ನಲ್‌ಗಳಲ್ಲಿ ಓದುತ್ತಿದ್ದ ಪ್ರಶ್ನೆಗಳು ಈಗ ನಮ್ಮ ಮೇಜಿಗೇ ಬರುತ್ತಿವೆ. ಒಳಗೆ ಬಿಟ್ಟ ಕೋಶಗಳು ಎಲ್ಲಿಗೆ ಹೋದವು? ಕೆಲಸ ಮಾಡುತ್ತಿವೆಯೋ ಇಲ್ಲವೋ? ಸ್ಕ್ಯಾನ್ ನೋಡಿ ಹೇಳಬಹುದೇ?

ನಮ್ಮ ವಿಭಾಗಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಈ ವಿಷಯದಲ್ಲಿ ನಾನು ಹೇಳುತ್ತ ಬಂದಿರುವುದನ್ನು ಇಲ್ಲಿ ಬರೆದಿದ್ದೇನೆ. ರೋಗಿಯ ಮನೆಯವರೂ ಓದಬಹುದು.

1. ದಿನನಿತ್ಯದ ಸ್ಕ್ಯಾನಿನಲ್ಲಿ ಕಾಣುವುದು ಗೆಡ್ಡೆ, ಕಾರ್-ಟಿ ಕೋಶವಲ್ಲ

ಇದನ್ನು ಮೊದಲೇ ಹೇಳಿಬಿಡಬೇಕು. ಕಾರ್-ಟಿ ಪಡೆದವರಿಗೆ ನಾವು ಮಾಡುವ ಪೆಟ್-ಸಿಟಿ ಬೇರೆ ಕ್ಯಾನ್ಸರ್ ರೋಗಿಗಳಿಗೆ ಮಾಡುವಂಥದ್ದೇ. ಎಫ್‌ಡಿಜಿ ಎಂಬ, ವಿಕಿರಣ ಸೂಸುವ ಫ್ಲೋರಿನ್-18 ಅಂಟಿಸಿದ ಸಕ್ಕರೆಯನ್ನು ಚುಚ್ಚುತ್ತೇವೆ. ಹೆಚ್ಚು ಸಕ್ಕರೆ ಎಳೆದುಕೊಳ್ಳುವ ಜಾಗ ಪರದೆಯ ಮೇಲೆ ಕಪ್ಪಗೆ ಕಾಣುತ್ತದೆ. ಲಿಂಫೋಮಾ ಎಂಬ ದುಗ್ಧಗ್ರಂಥಿ ಕ್ಯಾನ್ಸರಿನ ಗೆಡ್ಡೆ ಸಕ್ಕರೆಯನ್ನು ಚೆನ್ನಾಗಿ ಎಳೆಯುತ್ತದೆ. ಆದರೆ ಕಾದಾಟಕ್ಕಿಳಿದ ಟಿ ಕೋಶವೂ ಎಳೆಯುತ್ತದೆ, ಕೀವು ತುಂಬಿದ ಗಾಯವೂ ಎಳೆಯುತ್ತದೆ. ಚಿತ್ರದಲ್ಲಿ ಮೂರಕ್ಕೂ ಒಂದೇ ಬಣ್ಣ.

ಕಾರ್-ಟಿ ಕೋಶಗಳು ದೇಹದಲ್ಲಿ ಎಷ್ಟಿವೆ ಎಂಬುದನ್ನು ರಕ್ತ ತೆಗೆದು ಫ್ಲೋ ಸೈಟೋಮೆಟ್ರಿಯಲ್ಲೋ ಪಿಸಿಆರ್‌ನಲ್ಲೋ ಎಣಿಸುತ್ತಾರೆ. ಆ ಲೆಕ್ಕ ರಕ್ತದಲ್ಲಿರುವವುಗಳದ್ದು ಮಾತ್ರ. ರಕ್ತದಲ್ಲಿ ಸಂಖ್ಯೆ ಇಳಿಯಿತೆಂದರೆ ಕೋಶಗಳು ಸತ್ತಿರಬಹುದು, ಇಲ್ಲವೇ ರಕ್ತ ಬಿಟ್ಟು ಗೆಡ್ಡೆಯೊಳಗೆ ಹೊಕ್ಕಿರಬಹುದು. ಒಂದು ಸೋಲು, ಇನ್ನೊಂದು ಗೆಲುವು. ಟ್ಯೂಬಿನಲ್ಲಿರುವ ರಕ್ತಕ್ಕೆ ಆ ವ್ಯತ್ಯಾಸ ಗೊತ್ತಿಲ್ಲ. ಕೋಶಗಳ ಜಾಡು ಹಿಡಿಯುವ ಸ್ಕ್ಯಾನ್ ಬೇಕೆನ್ನುವುದು ಇದೇ ಕಾರಣಕ್ಕೆ. ಅಂಥ ಸ್ಕ್ಯಾನ್ ಇವತ್ತಿಗೂ ಸಂಶೋಧನೆಯ ಅಂಗಳದಲ್ಲೇ ಇದೆ. ದುಡ್ಡು ಕೊಟ್ಟು ಮಾಡಿಸಿಕೊಂಡು ಬರುವ ಪರೀಕ್ಷೆ ಅದಲ್ಲ.

2. ಕೋಶ ಕೊಡುವ ಮುಂಚಿನ ಸ್ಕ್ಯಾನ್ ಇಲ್ಲದಿದ್ದರೆ ಆಮೇಲಿನದಕ್ಕೆ ಅರ್ಥವಿಲ್ಲ

ಟಿ ಕೋಶ ತೆಗೆದು, ಲ್ಯಾಬಿನಲ್ಲಿ ಸಿದ್ಧವಾಗಿ ಮರಳಿ ಬರುವಷ್ಟರಲ್ಲಿ ವಾರಗಳು ಉರುಳುತ್ತವೆ. ಆ ನಡುವೆ ರೋಗ ಕೈಮೀರಬಾರದೆಂದು ಕೀಮೋ, ಸ್ಟೀರಾಯ್ಡ್, ರೇಡಿಯೇಷನ್ ಏನಾದರೊಂದು ಕೊಟ್ಟಿರುತ್ತಾರೆ. ಗೆಡ್ಡೆಯ ಚಹರೆ ಅಷ್ಟರಲ್ಲಿ ಬದಲಾಗಿರುತ್ತದೆ. ಕೋಶ ತೆಗೆಯುವುದಕ್ಕೂ ಮೊದಲು ಮಾಡಿದ ಹಳೆಯ ಸ್ಕ್ಯಾನನ್ನೇ ಬುಡವಾಗಿಟ್ಟುಕೊಂಡು ಹೋಲಿಸಿದರೆ, ನಡುವಿನ ಕೀಮೋ ಮಾಡಿದ ಕೆಲಸದ ಹೆಸರು ಕಾರ್-ಟಿಗೆ ಹೋಗುತ್ತದೆ. ಉಲ್ಟಾ ಕೂಡ ಆಗುತ್ತದೆ: ಆ ವಾರಗಳಲ್ಲಿ ಬೆಳೆದ ಗೆಡ್ಡೆಯ ತಪ್ಪು ಕಾರ್-ಟಿಯ ತಲೆಗೆ ಬರುತ್ತದೆ. ಕೋಶ ಹರಿಸುವ ಸ್ವಲ್ಪ ಮೊದಲು ಮತ್ತೊಂದು ಸ್ಕ್ಯಾನ್ ಆಗಲೇಬೇಕು ಎಂದು ನಾನು ಹಟ ಹಿಡಿಯುತ್ತೇನೆ. ಅದರಲ್ಲಿ ದೇಹದ ಒಟ್ಟು ಗೆಡ್ಡೆಯ ಗಾತ್ರವನ್ನೂ ಅಳೆದಿಡುತ್ತೇವೆ. ಗೆಡ್ಡೆಯ ಹೊರೆ ಹೆಚ್ಚಿದ್ದವರಲ್ಲಿ ಚಿಕಿತ್ಸೆ ಫಲಿಸುವುದು ಕಷ್ಟ, ತೊಂದರೆಗಳೂ ಹೆಚ್ಚು ಎಂಬುದು ಹಲವು ಕಡೆ ಕಂಡಿರುವ ಮಾತು.

ಸ್ಕ್ಯಾನಿನ ತಯಾರಿಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆರು ಗಂಟೆ ಉಪವಾಸ ಎಂದು ಚೀಟಿಯಲ್ಲಿ ಬರೆದಿರುತ್ತೇವೆ. "ಏನೂ ತಿಂದಿಲ್ಲ ಸರ್, ಬರೀ ಒಂದ್ ಲೋಟ ಕಾಫಿ" ಅನ್ನುತ್ತಾರೆ. ಆ ಲೋಟದ ಸಕ್ಕರೆಗೆ ಇನ್ಸುಲಿನ್ ಏರುತ್ತದೆ, ನಾವು ಚುಚ್ಚಿದ್ದು ಗೆಡ್ಡೆಯ ಬದಲು ತೊಡೆಯ ಸ್ನಾಯುಗಳಿಗೆ ಹೋಗುತ್ತದೆ. ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರ ರಕ್ತದ ಸಕ್ಕರೆ 200 ದಾಟಿದ್ದರೆ ನಾನು ದಿನ ಮುಂದೂಡುತ್ತೇನೆ, ಬೈಸಿಕೊಂಡರೂ ಸರಿ. ಚುಚ್ಚಿದ ಮೇಲೆ ಒಂದು ಗಂಟೆ ಸುಮ್ಮನೆ ಮಲಗಬೇಕು. ಹರಟೆ ಹೊಡೆದರೆ ಗಂಟಲಿನ ಸ್ನಾಯು ಕಪ್ಪಾಗುತ್ತದೆ. ಎಸಿಯ ಚಳಿಗೆ ನಡುಗಿದರೆ ಕುತ್ತಿಗೆಯ ಸುತ್ತಲಿನ ಕಂದು ಕೊಬ್ಬು ಉರಿಯತೊಡಗಿ, ಥೇಟ್ ಲಿಂಫೋಮಾದ ಗಂಟುಗಳ ಹಾಗೆ ಸಾಲಾಗಿ ಕಾಣುತ್ತದೆ. ಕಂಬಳಿ ಹೊದಿಸುವ ಸಿಸ್ಟರ್ ನಮ್ಮ ಪಾಲಿಗೆ ಅರ್ಧ ರಿಪೋರ್ಟ್ ಬರೆದ ಹಾಗೆ.

ಇನ್ನು ಬೆಂಗಳೂರಿನ ಟ್ರಾಫಿಕ್. ಫ್ಲೋರಿನ್-18ರ ಅರ್ಧಾಯುಷ್ಯ 110 ನಿಮಿಷ. ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಇರುವ ಜಾಗದಿಂದ ಹೊರಟ ಗಾಡಿ ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಬಿದ್ದರೆ ಸೀಸದ ಡಬ್ಬಿಯೊಳಗಿನ ಡೋಸ್ ತನ್ನಷ್ಟಕ್ಕೆ ಕರಗುತ್ತಿರುತ್ತದೆ. ಬೆಳಿಗ್ಗೆ ಐದಕ್ಕೇ ಅದನ್ನು ತರಿಸಿಕೊಳ್ಳುವುದು ಇದಕ್ಕಾಗಿ.

3. ಅವಸರದ ಸ್ಕ್ಯಾನ್ ಗಾಬರಿಗೇ ಹೆಚ್ಚು ಉಪಯೋಗ

ಕೋಶ ಹರಿಸಿದ ಮೊದಲ ವಾರಗಳಲ್ಲಿ ದೇಹದೊಳಗೆ ಯುದ್ಧ ನಡೆದಿರುತ್ತದೆ. ಜ್ವರ ಬರುತ್ತದೆ, ಬಿಪಿ ಇಳಿಯುತ್ತದೆ. ಸೈಟೋಕೈನ್ ರಿಲೀಸ್ ಸಿಂಡ್ರೋಮ್ ಎಂದು ಐಸಿಯುನಲ್ಲಿ ಓಡಾಟ. ಗೆಡ್ಡೆಯಿದ್ದ ಜಾಗದಲ್ಲೇ ಕೆಲವರಿಗೆ ಊತ ಬರುತ್ತದೆ. ಆ ಹೊತ್ತಿನಲ್ಲಿ ಪೆಟ್ ಮಾಡಿದರೆ ಗೆಡ್ಡೆ ದೊಡ್ಡದಾದಂತೆ, ಇನ್ನಷ್ಟು ಕಪ್ಪಾದಂತೆ ಕಂಡು ಮನೆಯವರ ಜೀವ ಬಾಯಿಗೆ ಬರುತ್ತದೆ. ಸಾಮಾನ್ಯವಾಗಿ ಮೊದಲ ಲೆಕ್ಕದ ಸ್ಕ್ಯಾನ್ ಒಂದು ತಿಂಗಳ ಹೊತ್ತಿಗೆ, ಮುಂದಿನದು ಮೂರು ತಿಂಗಳಿಗೆ.

ಲಿಂಫೋಮಾದಲ್ಲಿ ನಾವು ಡೋವಿಲ್ ಅಂಕ ಬಳಸುತ್ತೇವೆ. ಫ್ರಾನ್ಸಿನ ಡೋವಿಲ್ ಪಟ್ಟಣದಲ್ಲಿ 2009ರಲ್ಲಿ ಸೇರಿದ್ದ ತಜ್ಞರು ಒಪ್ಪಿಕೊಂಡ ಒಂದರಿಂದ ಐದರ ಅಳತೆ ಅದು. ಎದೆಯ ನಡುವಿನ ರಕ್ತನಾಳಕ್ಕಿಂತ ಕಡಿಮೆಯೋ, ಲಿವರಿಗಿಂತ ಹೆಚ್ಚೋ ಎಂದು ಹೋಲಿಸಿ ಅಂಕ ಕೊಡುವುದು. ತಿಂಗಳ ಸ್ಕ್ಯಾನಿನಲ್ಲಿ ನಾಲ್ಕು ಬಂದವರಲ್ಲಿ ಕೆಲವರಿಗೆ ಬೇರೇನೂ ಕೊಡದೆಯೇ ಮೂರು ತಿಂಗಳಿಗೆ ಅದು ಎರಡಕ್ಕೆ ಇಳಿಯುತ್ತದೆ. ಇನ್ನು ಕೆಲವರಿಗೆ ಐದಕ್ಕೆ ಏರುತ್ತದೆ. ತಿಂಗಳಿನ ಆ ನಾಲ್ಕನ್ನು ನೋಡಿ ಇವರಿಬ್ಬರನ್ನೂ ಬೇರ್ಪಡಿಸಲು ನನಗೆ ಬರುವುದಿಲ್ಲ, ಯಾರಿಗೂ ಬರುವುದಿಲ್ಲ. ಅಂಥಲ್ಲಿ ಕಾಯಬೇಕು, ಇಲ್ಲವೇ ಸೂಜಿ ಹಾಕಿ ಬಯಾಪ್ಸಿ ತೆಗೆಯಬೇಕು.

ಬಯಾಪ್ಸಿ ತೆಗೆದಾಗ ಗೆಡ್ಡೆ ಉಳಿದಿದೆಯೇ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಉಳಿದ ಕೋಶದ ಮೇಲೆ ಕಾರ್-ಟಿ ಹಿಡಿಯಬೇಕಾದ ಸಿಡಿ19 ಎಂಬ ಗುರುತು ಇನ್ನೂ ಇದೆಯೇ ಎಂದೂ ಕೇಳಿ. ಕೆಲವು ಕ್ಯಾನ್ಸರ್ ಕೋಶಗಳು ಆ ಗುರುತನ್ನೇ ಕಳಚಿಟ್ಟು ಪಾರಾಗುತ್ತವೆ. ಆಗ ಕಾರ್-ಟಿ ಕೋಶ ಪಕ್ಕದಲ್ಲೇ ಇದ್ದರೂ ಪ್ರಯೋಜನವಿಲ್ಲ.

4. ನಮ್ಮ ಊರಿನಲ್ಲಿ ಟಿಬಿಯನ್ನು ಮರೆಯಬೇಡಿ

ಅಮೆರಿಕದ ಪಠ್ಯಪುಸ್ತಕದಲ್ಲಿ ಈ ಪಾಠಕ್ಕೆ ಎರಡು ಸಾಲು. ನಮ್ಮಲ್ಲಿ ಎದೆಯ ನಡುವೆ, ಕುತ್ತಿಗೆಯಲ್ಲಿ ಹೊಸದಾಗಿ ಕಪ್ಪಾದ ದುಗ್ಧಗ್ರಂಥಿ ಕಂಡರೆ ರೋಗ ಮರಳಿತು ಎಂದು ಬರೆಯುವ ಮುಂಚೆ ಕ್ಷಯವನ್ನು ನೆನೆಯಲೇಬೇಕು. ರೋಗನಿರೋಧಕ ಶಕ್ತಿಯನ್ನು ಇಷ್ಟೊಂದು ತಗ್ಗಿಸಿದ ಮೇಲೆ ಒಳಗೆ ಮಲಗಿದ್ದ ಟಿಬಿ ಏಳುವುದು ಅಪರೂಪವೇನಲ್ಲ, ಮತ್ತು ಟಿಬಿಯ ಗಂಟು ಎಫ್‌ಡಿಜಿಯನ್ನು ಲಿಂಫೋಮಾದಷ್ಟೇ ಹಸಿವಿನಿಂದ ನುಂಗುತ್ತದೆ. ಬಿಳಿ ರಕ್ತಕಣ ಏರಿಸಲು ಕೊಡುವ ಜಿ-ಸಿಎಸ್‌ಎಫ್ ಇಂಜೆಕ್ಷನ್ನಿನದೂ ಇದೇ ಕಥೆ. ಅದರಿಂದ ಮೂಳೆಮಜ್ಜೆಯೂ ಗುಲ್ಮವೂ ಉದ್ದಕ್ಕೂ ಕಪ್ಪಾಗುತ್ತವೆ. ಕೊನೆಯ ಇಂಜೆಕ್ಷನ್ ಯಾವತ್ತು ಕೊಟ್ಟಿರಿ ಎಂದು ವಾರ್ಡಿಗೆ ಫೋನ್ ಮಾಡದೆ ನಾನು ಮಜ್ಜೆಯ ಬಗ್ಗೆ ಒಂದಕ್ಷರ ಬರೆಯುವುದಿಲ್ಲ.

5. ಬಣ್ಣ ಹಚ್ಚಬಹುದು, ಆದರೆ ಬಣ್ಣ ಕೋಶದ ಜೊತೆಗೇ ಇರುತ್ತದೆ ಎಂಬ ಖಾತ್ರಿಯಿಲ್ಲ

ಕೊಪ್ಪಳ ಕಡೆಯ ಹಿರಿಯರೊಬ್ಬರು, ಕುರಿ ಸಾಕುವವರು, ತಮ್ಮ ಸ್ಕ್ಯಾನ್ ತೋರಿಸಿಕೊಳ್ಳುತ್ತ ಕೇಳಿದರು: "ಸಾಹೇಬ್ರ, ಇದರಾಗ ನೀವು ಬಿಟ್ಟ ಕಣ ಎಲ್ಲಿ ಅದಾವ್ರೀ?"

"ಅವು ಇದರಲ್ಲಿ ಕಾಣಲ್ಲ ಯಜಮಾನ್ರೇ. ಗಡ್ಡೆ ಕರಗಿದ್ದಷ್ಟೇ ಕಾಣ್ತದೆ."

"ನಾವು ಕುರಿಗೆ ಬಣ್ಣ ಹಚ್ಚಿ ಬಿಡ್ತೀವಲ್ರೀ, ಯಾರ ಹಿಂಡಿನ್ಯಾಗ ಹೊಕ್ಕರೂ ಗುರ್ತ ಸಿಗ್ತೈತಿ. ಹಂಗ ಅವಕ್ಕೂ ಹಚ್ಚಾಕ ಬರೂದಿಲ್ಲೇನ್ರೀ?"

ಹಚ್ಚಲು ಬರುತ್ತದೆ. 1970ರ ದಶಕದಿಂದ ಹಚ್ಚುತ್ತಲೇ ಇದ್ದಾರೆ. ಇಂಡಿಯಂ-111 ಎಂಬ ಐಸೊಟೋಪನ್ನು ಆಕ್ಸಿನ್ ಜೊತೆ ಬೆರೆಸಿದರೆ ಅದು ಬಿಳಿ ರಕ್ತಕಣದ ಪೊರೆ ದಾಟಿ ಒಳಗೆ ಕೂರುತ್ತದೆ. ಎಲ್ಲೋ ಅಡಗಿದ ಕೀವಿನ ಗಂಟು ಹುಡುಕಲು ಇದನ್ನು ಇವತ್ತಿಗೂ ಬಳಸುತ್ತಾರೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಸ್ಟೀವನ್ ರೋಸೆನ್‌ಬರ್ಗ್ ಅವರ ತಂಡ ಮೆಲನೋಮಾ ರೋಗಿಗಳ ಗೆಡ್ಡೆಯಿಂದಲೇ ತೆಗೆದು ಬೆಳೆಸಿದ ಟಿ ಕೋಶಗಳಿಗೆ ಇಂಡಿಯಂ ಹಾಕಿ ಮರಳಿ ಕೊಟ್ಟು, ಗಾಮಾ ಕ್ಯಾಮೆರಾದಲ್ಲಿ ಹಿಂಬಾಲಿಸಿತು. 1989ರಲ್ಲಿ ಅದು ಪ್ರಕಟವಾಯಿತು. ಕೋಶಗಳು ಮೊದಲ ಒಂದೆರಡು ಗಂಟೆ ಶ್ವಾಸಕೋಶದಲ್ಲೇ ತುಂಬಿಕೊಂಡವು. ಆಮೇಲೆ ಲಿವರ್, ಗುಲ್ಮ. ಒಂದು ದಿನ ಕಳೆದ ಮೇಲೆ ಗೆಡ್ಡೆಯಲ್ಲಿ ಕಾಣತೊಡಗಿದವು. ರಕ್ತನಾಳಕ್ಕೆ ಕೊಟ್ಟ ಟಿ ಕೋಶಗಳ ಸಾಮಾನ್ಯ ದಾರಿ ಇಂದಿಗೂ ಇದೇ. ಬೆಳೆಸಿದ ಕೋಶ ದಪ್ಪಗಿರುತ್ತದೆ, ಶ್ವಾಸಕೋಶದ ಕಿರುನಾಳಗಳಲ್ಲಿ ತಡೆದು ತಡೆದು ಸಾಗುತ್ತದೆ. ಮೊದಲ ಗಂಟೆಯ ಚಿತ್ರದಲ್ಲಿ ಶ್ವಾಸಕೋಶ ಕಪ್ಪಗಿದ್ದರೆ ಹೆದರಬೇಕಾಗಿಲ್ಲ. ಮರುದಿನವೂ ಅಲ್ಲೇ ಇದ್ದರೆ, ಲ್ಯಾಬಿನಲ್ಲೇ ಕೋಶಗಳಿಗೆ ಪೆಟ್ಟಾಗಿದೆಯೇ ಎಂದು ಅನುಮಾನಿಸಬೇಕು.

ಇಷ್ಟಾದರೂ ಯಜಮಾನರ ಬಣ್ಣದ ಮಾತಿನಲ್ಲೇ ತೊಡಕೂ ಇದೆ. ಬಣ್ಣ ಹಚ್ಚಿದ ಕುರಿ ಮರಿ ಹಾಕಿದರೆ ಮರಿಯ ಮೈಮೇಲೆ ಬಣ್ಣವಿರುವುದಿಲ್ಲ. ಕಾರ್-ಟಿಯ ಶಕ್ತಿ ಇರುವುದೇ ಮರಿ ಹಾಕುವುದರಲ್ಲಿ. ಒಂದು ಕೋಶ ಒಳಗೆ ಹೋಗಿ ಸಾವಿರವಾಗಬೇಕು. ಪ್ರತಿ ಸಲ ಒಡೆದಾಗಲೂ ಒಳಗಿನ ಇಂಡಿಯಂ ಅರ್ಧರ್ಧ ಹಂಚಿಹೋಗುತ್ತದೆ. ಚಿಕಿತ್ಸೆ ಚೆನ್ನಾಗಿ ನಡೆದಷ್ಟೂ ಚಿತ್ರ ಮಸುಕಾಗುತ್ತದೆ ಎಂಬ ವಿಚಿತ್ರ ಸ್ಥಿತಿ. ಕುರಿ ಸತ್ತರೆ ಬಣ್ಣ ಹತ್ತಿದ ಉಣ್ಣೆ ಅಲ್ಲೇ ಬಿದ್ದಿರುತ್ತದೆ. ಹಾಗೆಯೇ ಸತ್ತ ಟಿ ಕೋಶದ ಐಸೊಟೋಪನ್ನು ಅಕ್ಕಪಕ್ಕದ, ಕಸ ನುಂಗುವ ಮ್ಯಾಕ್ರೋಫೇಜ್ ಕೋಶ ಕಬಳಿಸಿ ಕೂತಿರುತ್ತದೆ. ನಾವು ಚಿತ್ರ ನೋಡಿ, ಟಿ ಕೋಶ ಇನ್ನೂ ಗೆಡ್ಡೆಯಲ್ಲಿದೆ ಎಂದುಕೊಳ್ಳುತ್ತೇವೆ.

ಇಂಡಿಯಮ್ಮಿನ ಅರ್ಧಾಯುಷ್ಯ 2.8 ದಿನ. ಪೆಟ್ ಯಂತ್ರಕ್ಕೆ ಒಗ್ಗುವ ಜಿರ್ಕೋನಿಯಂ-89ರದು 3.3 ದಿನ, ಈಗಿನ ಪ್ರಯೋಗಗಳು ಹೆಚ್ಚಾಗಿ ಅದರ ಬೆನ್ನು ಹತ್ತಿವೆ, ಚಿತ್ರವೂ ಅದರಲ್ಲಿ ಹೆಚ್ಚು ಸ್ಪಷ್ಟ. ಇದರಲ್ಲೂ ಒಂದು ವಾರ ದಾಟಿದರೆ ಕೈಯಲ್ಲಿ ಉಳಿಯುವುದು ಸ್ವಲ್ಪವೇ. ಕಾರ್-ಟಿ ಕೋಶಗಳು ಉಕ್ಕಿ ಬೆಳೆಯುವುದೋ ಸುಮಾರು ಎರಡನೆಯ ವಾರದ ಹೊತ್ತಿಗೆ. ಜಿರ್ಕೋನಿಯಂ ಕೋಶದಿಂದ ಸೋರಿದರೆ ಮೂಳೆಗೆ ಹೋಗಿ ಅಂಟಿಕೊಳ್ಳುವ ಗುಣದ್ದು. ಹಾಗಾಗಿ ಮೂಳೆ ಕಪ್ಪಾಗಿದ್ದರೆ ಕೋಶ ಮಜ್ಜೆಗೆ ಹೋಗಿದೆಯೋ, ಬರೀ ಲೋಹ ಹೋಗಿದೆಯೋ ಎಂಬ ಇನ್ನೊಂದು ತಕರಾರು ಬೇರೆ.

6. ಚೆನ್ನಾಗಿ ಕಾಣಲೆಂದು ಡೋಸ್ ಏರಿಸಿದರೆ ಕೋಶವೇ ಸಾಯುತ್ತದೆ

ಟಿ ಕೋಶ ಲಿಂಫೋಸೈಟ್ ಜಾತಿಯದ್ದು; ಲಿಂಫೋಸೈಟ್ ವಿಕಿರಣಕ್ಕೆ ಬಲು ಬೇಗ ಸೋಲುವ ಕೋಶ. ಲ್ಯಾಬಿನವರು ಟ್ರಿಪಾನ್ ಬ್ಲೂ ಎಂಬ ಬಣ್ಣ ಹಾಕಿ ನೋಡಿ, ತೊಂಬತ್ತೈದು ಪರ್ಸೆಂಟ್ ಬದುಕಿವೆ ಎಂದು ಖುಷಿಯಾಗಿ ಕಳಿಸುತ್ತಾರೆ. ಆ ಪರೀಕ್ಷೆ ಹೇಳುವುದು ಆ ಕ್ಷಣದಲ್ಲಿ ಪೊರೆ ಹರಿದಿಲ್ಲ ಎಂದಷ್ಟೇ. ಅದೇ ಕೋಶಗಳನ್ನು ಎರಡು ಮೂರು ದಿನ ಇಟ್ಟುಕೊಂಡು, ಒಡೆದು ಬೆಳೆಯುತ್ತಿವೆಯೇ, ಗುರಿಯ ಕೋಶವನ್ನು ಕೊಲ್ಲುತ್ತಿವೆಯೇ ಎಂದು ನೋಡಿದವರ ಲೆಕ್ಕವನ್ನೇ ನಾನು ನಂಬುವುದು. ಯಾವುದೇ ಪ್ರಬಂಧ ಕೈಗೆ ಬಂದರೂ ಮೊದಲು ಆ ಕೋಷ್ಟಕ ಹುಡುಕುತ್ತೇನೆ. ಬಣ್ಣಬಣ್ಣದ ಚಿತ್ರ ಆಮೇಲೆ. ಆ ಕೋಷ್ಟಕವೇ ಇಲ್ಲದಿದ್ದರೆ ಪ್ರಬಂಧ ಬದಿಗಿಡಬಹುದು.

7. ಸೂಜಿ ಗುರಿ ಮುಟ್ಟಿತೇ ಎಂದು ನೋಡಿ: ನೆದರ್ಲೆಂಡ್ಸ್‌ನ ಪಾಠ

ಈ ಕ್ಷೇತ್ರದಲ್ಲಿ ನನಗೆ ಅತಿ ಇಷ್ಟವಾದ ಅಧ್ಯಯನ ಇದು. ನೈಮೇಖನ್ ನಗರದ ಕಾರ್ಲ್ ಫಿಗ್ಡೋರ್ ಅವರ ತಂಡ ಮೆಲನೋಮಾ ರೋಗಿಗಳಿಗೆ ಡೆಂಡ್ರಿಟಿಕ್ ಕೋಶಗಳ ಲಸಿಕೆ ಕೊಡುತ್ತಿತ್ತು. ಟಿ ಕೋಶಗಳಿಗೆ ಶತ್ರುವಿನ ಗುರುತು ಹೇಳಿಕೊಡುವ ಕೋಶಗಳು ಇವು. ಪಾಠ ನಡೆಯಬೇಕಾದದ್ದು ದುಗ್ಧಗ್ರಂಥಿಯಲ್ಲಿ ಎಂದು, ಅಲ್ಟ್ರಾಸೌಂಡ್ ನೋಡಿಕೊಂಡು ನೇರ ಗ್ರಂಥಿಯೊಳಗೇ ಚುಚ್ಚುತ್ತಿದ್ದರು. ಕೈ ಪಳಗಿದ ರೇಡಿಯಾಲಜಿಸ್ಟ್, ಪರದೆಯ ಮೇಲೆ ಸೂಜಿಯ ತುದಿ ಕಾಣುತ್ತಿದೆ, ತಪ್ಪುವುದೆಲ್ಲಿ?

ಅವರು ಕೋಶಗಳಿಗೆ ಎರಡು ಗುರುತು ಹಾಕಿದರು. ಒಂದಷ್ಟಕ್ಕೆ ಇಂಡಿಯಂ, ಒಂದಷ್ಟಕ್ಕೆ ಕಬ್ಬಿಣದ ಆಕ್ಸೈಡಿನ ಸೂಕ್ಷ್ಮ ಕಣಗಳು. ಕಬ್ಬಿಣವಿರುವ ಜಾಗ ಎಂಆರ್‌ಐ ಚಿತ್ರದಲ್ಲಿ ಕಪ್ಪು ಕುಳಿಯಂತೆ ಕಾಣುತ್ತದೆ. ಗಾಮಾ ಕ್ಯಾಮೆರಾ ಚಿತ್ರದಲ್ಲಿ ಎಲ್ಲರಲ್ಲೂ ಗ್ರಂಥಿಯ ಹತ್ತಿರ ಒಂದು ಚುಕ್ಕೆ ಬಂತು. ಅಷ್ಟರಲ್ಲೇ ನಿಂತಿದ್ದರೆ ಲಸಿಕೆ ಸರಿಯಾಗಿ ಬಿದ್ದಿದೆ ಎಂದೇ ಬರೆಯುತ್ತಿದ್ದರು. ಎಂಆರ್‌ಐ ಬಿಚ್ಚಿ ನೋಡಿದರೆ, ಎಂಟು ರೋಗಿಗಳ ಪೈಕಿ ನಾಲ್ವರಲ್ಲಿ ಕೋಶಗಳು ಗ್ರಂಥಿಯೊಳಗೆ ಸರಿಯಾಗಿ ಸೇರಿರಲಿಲ್ಲ. ಸುತ್ತಲಿನ ಕೊಬ್ಬಿನಲ್ಲಿ ಬಿದ್ದಿದ್ದವು. 2005ರಲ್ಲಿ 'ನೇಚರ್ ಬಯೋಟೆಕ್ನಾಲಜಿ'ಯಲ್ಲಿ ಇದು ಬಂದಾಗ ಓದಿದ ಎಲ್ಲರೂ ತಮ್ಮ ತಮ್ಮ ಸೂಜಿಯನ್ನು ಅನುಮಾನದಿಂದ ನೋಡಿಕೊಂಡಿರಬೇಕು.

ಅದಕ್ಕೂ ಹಿಂದೆ ಜಗತ್ತಿನಲ್ಲೆಲ್ಲ ಎಷ್ಟು ಡೆಂಡ್ರಿಟಿಕ್ ಲಸಿಕೆಗಳು ಕೊಬ್ಬಿಗೆ ಬಿದ್ದು, 'ಈ ಲಸಿಕೆ ಕೆಲಸ ಮಾಡುವುದಿಲ್ಲ' ಎಂಬ ಹಣೆಪಟ್ಟಿ ಹೊತ್ತಿರಬಹುದು ಎಂದು ನಾನು ಆಗಾಗ ಯೋಚಿಸುವುದುಂಟು. ಗುರಿ ಮುಟ್ಟದ ಔಷಧವನ್ನು ಫಲಿಸದ ಔಷಧ ಎಂದು ಬರೆದಿಟ್ಟರೆ ಆಮೇಲೆ ಅದನ್ನು ತಿದ್ದುವವರು ಯಾರು?

ದುರ್ದೈವವೆಂದರೆ ಆ ಕಬ್ಬಿಣದ ಔಷಧಗಳು ಹೆಚ್ಚಿನ ದೇಶಗಳ ಮಾರುಕಟ್ಟೆಯಿಂದ ಆಮೇಲೆ ಹೊರಟುಹೋದವು. ಕಬ್ಬಿಣದ ಕಪ್ಪು ಕುಳಿಗೆ ತನ್ನದೇ ಸಮಸ್ಯೆಯೂ ಇದೆ. ಹಳೆಯ ರಕ್ತಸ್ರಾವವೂ ಗಾಳಿಯೂ ಎಂಆರ್‌ಐಯಲ್ಲಿ ಕಪ್ಪಾಗಿಯೇ ಕಾಣುತ್ತವೆ. ಆ ಜಾಗಕ್ಕೆ ಫ್ಲೋರಿನ್-19 ಬಂತು. ಇದು ವಿಕಿರಣವಿಲ್ಲದ ಫ್ಲೋರಿನ್, ಎಂಆರ್‌ಐಗೆ ಕಾಣುವಂಥದ್ದು. ನಮ್ಮ ದೇಹದಲ್ಲಿ ಹಾಗೆ ಕಾಣುವ ಫ್ಲೋರಿನ್ ಬೇರೆ ಇಲ್ಲವೇ ಇಲ್ಲ ಎನ್ನಬಹುದಾದ್ದರಿಂದ, ಕಂಡದ್ದೆಲ್ಲ ನಾವು ಹಾಕಿದ್ದೇ. ಎರಿಕ್ ಆರೆನ್ಸ್ ಮತ್ತು ಜೊತೆಗಾರರು 2014ರಲ್ಲಿ ಕರುಳಿನ ಕ್ಯಾನ್ಸರ್ ರೋಗಿಗಳಲ್ಲಿ ಇದನ್ನು ಮೊದಲ ಬಾರಿಗೆ ತೋರಿಸಿದರು. ಒಂದು ದಿನ ಕಳೆಯುವಷ್ಟರಲ್ಲಿ ಅರ್ಧದಷ್ಟು ಕೋಶಗಳ ಸುಳಿವು ಹೋಗಿತ್ತು. ಅಷ್ಟು ಬೇಗ ಹೋಗುತ್ತವೆಂದು ಲೆಕ್ಕ ಹಾಕಿ ಹೇಳಿದ್ದು ಈ ಚಿತ್ರ. ತೊಂದರೆ ಒಂದೇ: ಗುಡ್ಡೆಯಾಗಿ ಕೂತ ಕೋಶಗಳಷ್ಟೇ ಅದಕ್ಕೆ ಕಾಣುತ್ತವೆ, ಮೈಯೆಲ್ಲ ಚದುರಿದವು ಕಾಣುವುದಿಲ್ಲ.

8. ಬದುಕಿದ ಕೋಶವನ್ನೇ ಕಾಣಬೇಕೆಂದರೆ ಗುರುತು ಜೀನಿನಲ್ಲಿರಬೇಕು

ಬಣ್ಣದ ತೊಡಕಿಗೆ ಉತ್ತರ ಕಂಡವರಲ್ಲಿ ಮುಂದಿನ ಸಾಲಿನಲ್ಲಿದ್ದವರು ಸ್ಟ್ಯಾನ್‌ಫೋರ್ಡಿನ ಸಂಜೀವ್ ಸ್ಯಾಮ್ ಗಂಭೀರ್. 1962ರಲ್ಲಿ ಅಂಬಾಲಾದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಅಮೆರಿಕ ಸೇರಿದವರು. ಹೇಗೂ ಕೋಶಕ್ಕೆ ಹೊಸ ಜೀನ್ ತೂರಿಸುತ್ತೇವಲ್ಲ, ಜೊತೆಗೆ ಇನ್ನೊಂದು ಜೀನನ್ನೂ ಕಳಿಸೋಣ. ಅದು ತಯಾರಿಸುವ ಕಿಣ್ವ ನಾವು ಚುಚ್ಚುವ ವಸ್ತುವನ್ನು ಹಿಡಿದಿಟ್ಟುಕೊಳ್ಳಲಿ ಎಂಬುದು ಈ ಉಪಾಯ. ಕೋಶ ಒಡೆದು ಎರಡಾದರೆ ಎರಡರಲ್ಲೂ ಜೀನ್ ಇರುತ್ತದೆ, ಗುರುತು ತೆಳುವಾಗುವುದಿಲ್ಲ. ಕೋಶ ಸತ್ತರೆ ಕಿಣ್ವವೂ ಇಲ್ಲ, ಕಪ್ಪೂ ಇಲ್ಲ. ತಿಂಗಳು ಬಿಟ್ಟು ಬೇಕಾದರೆ ಮತ್ತೆ ಹೊಸದಾಗಿ ಚುಚ್ಚಿ ನೋಡಬಹುದು.

ಕ್ಯಾಲಿಫೋರ್ನಿಯಾದ ಸಿಟಿ ಆಫ್ ಹೋಪ್ ಆಸ್ಪತ್ರೆಯಲ್ಲಿ ಗ್ಲಿಯೋಬ್ಲಾಸ್ಟೋಮಾ ಎಂಬ ಮೆದುಳಿನ ಕ್ಯಾನ್ಸರಿಗೆ ಟಿ ಕೋಶ ಕೊಡುತ್ತಿದ್ದ ತಂಡದೊಂದಿಗೆ ಸೇರಿ ಇದನ್ನು ಮನುಷ್ಯರಲ್ಲಿ ಮಾಡಿ ತೋರಿಸಿದರು. ಹರ್ಪಿಸ್ ವೈರಸ್ಸಿನ ಥೈಮಿಡಿನ್ ಕೈನೇಸ್ ಜೀನ್, ಅದಕ್ಕೆ ಜೋಡಿಯಾಗಿ ಎಫ್‌ಎಚ್‌ಬಿಜಿ ಎಂಬ ಪೆಟ್ ಔಷಧ. 2009ರಲ್ಲಿ ಒಬ್ಬ ರೋಗಿಯ ವರದಿ ಬಂತು, 2017ರಲ್ಲಿ ಏಳು ರೋಗಿಗಳದ್ದು. ಕೋಶ ಕೊಟ್ಟ ಮೇಲೆ ಗೆಡ್ಡೆಯಿರುವ ಕಡೆ ಗುರುತು ಏರಿದ್ದು ಕಂಡಿತು. ಈ ಎರಡು ವರದಿಗಳ ನಡುವೆ, 2015ರಲ್ಲಿ, ಗಂಭೀರ್ ಅವರ ಒಬ್ಬನೇ ಮಗ ಹದಿಹರೆಯದಲ್ಲೇ ಅದೇ ಗ್ಲಿಯೋಬ್ಲಾಸ್ಟೋಮಾದಿಂದ ತೀರಿಕೊಂಡ. 2020ರ ಜುಲೈನಲ್ಲಿ ಗಂಭೀರ್ ಕೂಡ ಕ್ಯಾನ್ಸರಿನಿಂದಲೇ ಹೋದರು.

ಹರ್ಪಿಸ್ ಜೀನಿಗೆ ಒಂದು ಕೊರತೆ. ಅದು ವೈರಸ್ಸಿನದ್ದು, ದೇಹ ಅದನ್ನು ಪರಕೀಯ ಎಂದು ಗುರುತಿಸಿ, ನಾವು ಕೊಟ್ಟ ಕೋಶಗಳನ್ನೇ ಕೊಲ್ಲಬಹುದು. ಆದ್ದರಿಂದ ಈಗ ಮನುಷ್ಯರದೇ ಪ್ರೋಟೀನುಗಳನ್ನು ಗುರುತಾಗಿ ಬಳಸುವತ್ತ ಹೊರಳಿದ್ದಾರೆ. ಇದರಲ್ಲಿ ನಮಗೆ ಬಹಳ ಹತ್ತಿರದ್ದು ಎಸ್‌ಎಸ್‌ಟಿಆರ್2, ಅಂದರೆ ಸೊಮ್ಯಾಟೊಸ್ಟಾಟಿನ್ ಗ್ರಾಹಕ. ಥೈರಾಯ್ಡ್ ಕ್ಯಾನ್ಸರಿಗೆಂದು ಅಮೆರಿಕದಲ್ಲಿ ಪ್ರಯೋಗಕ್ಕಿಳಿದ ಎಐಸಿ100 ಎಂಬ ಕಾರ್-ಟಿ ಕೋಶದ ಮೈಮೇಲೆ ಇದನ್ನು ಕೂರಿಸಿದ್ದಾರೆ. ಅದನ್ನು ಕಾಣಲು ಬೇಕಾದ ಗ್ಯಾಲಿಯಂ-68 ಡೋಟಾಟೇಟ್ ನಮಗೆ ಹೊಸದೇನಲ್ಲ; ನ್ಯೂರೋಎಂಡೋಕ್ರೈನ್ ಗೆಡ್ಡೆಗಳಿಗೆ ಬೆಂಗಳೂರಿನ ಪೆಟ್ ಕೇಂದ್ರಗಳಲ್ಲಿ ಮಾಡುತ್ತಲೇ ಇರುತ್ತೇವೆ. ಸೈಕ್ಲೋಟ್ರಾನ್ ಬೇಡ, ಮೇಜಿನ ಮೇಲಿನ ಜನರೇಟರಿನಿಂದ ಹಿಂಡಿಕೊಳ್ಳಬಹುದು. ಗುಲ್ಮ ಮತ್ತು ಕಿಡ್ನಿ ಅದರಲ್ಲಿ ಸಹಜವಾಗಿಯೇ ಕಡುಕಪ್ಪಾಗುತ್ತವೆ, ಹಾಗಾಗಿ ಅಲ್ಲಿಗೆ ಹೋದ ಕಾರ್-ಟಿ ಕಾಣುವುದಿಲ್ಲ. ಅಷ್ಟು ಬಿಟ್ಟರೆ ನಮ್ಮಂಥ ಊರಿಗೆ ಇದಕ್ಕಿಂತ ಹೊಂದುವ ದಾರಿ ನನಗೆ ಕಾಣುತ್ತಿಲ್ಲ.

ಸಿಡಿ8 ಪ್ರತಿಕಾಯದ ತುಣುಕಿಗೆ ಜಿರ್ಕೋನಿಯಂ ಅಂಟಿಸಿ ಟಿ ಕೋಶ ನೋಡುವ ಇನ್ನೊಂದು ವಿಧಾನವೂ ಇದೆ. ಅದಕ್ಕೆ ಸಿಡಿ8 ಇರುವ ಕೋಶಗಳೆಲ್ಲ ಒಂದೇ. ನಾವು ಕೊಟ್ಟದ್ದು, ರೋಗಿಯ ಮೈಯಲ್ಲಿ ಮೊದಲೇ ಇದ್ದದ್ದು ಎಂಬ ಭೇದವಿಲ್ಲ. ಬೇರೆ ಇಮ್ಯುನೋಥೆರಪಿಗೆ ಒಳ್ಳೆಯದು, ಕಾರ್-ಟಿಯ ಜಾಡಿಗೆ ಸಾಲದು.

9. ಕಾಣಲಿಲ್ಲ ಎಂದರೆ ಇಲ್ಲ ಎಂದಲ್ಲ

ಒಂದು ಲಿಂಫೋಸೈಟ್ ಹತ್ತು ಮೈಕ್ರೋಮೀಟರಿನ ಆಸುಪಾಸು. ಪೆಟ್ ಯಂತ್ರ ಬೇರ್ಪಡಿಸಿ ನೋಡಬಲ್ಲದ್ದು ನಾಲ್ಕೈದು ಮಿಲಿಮೀಟರ್. ಕಾರ್-ಟಿ ಡೋಸಿನಲ್ಲಿ ಹತ್ತಿಪ್ಪತ್ತು ಕೋಟಿ ಕೋಶಗಳಿದ್ದರೂ ಅವು ಮೈತುಂಬ ಹರಡಿರುತ್ತವೆ. ಹಾಗಾಗಿ 'ಗೆಡ್ಡೆಯಲ್ಲಿ ಕೋಶಗಳಿಲ್ಲ' ಎಂದು ರಿಪೋರ್ಟಿನಲ್ಲಿ ಬರೆಯಲೇಬಾರದು. 'ಈ ವಿಧಾನದಲ್ಲಿ ಕಾಣುವಷ್ಟು ಇಲ್ಲ' ಎಂದು ಬರೆಯಬಹುದು.

10. ಮೆದುಳಿನ ಎಂಆರ್‌ಐ ಚೆನ್ನಾಗಿದೆ ಎಂದು ರೋಗಿಯ ಮಾತನ್ನು ತಳ್ಳಿಹಾಕಬೇಡಿ

ಕಾರ್-ಟಿಯಿಂದ ಮೆದುಳಿಗಾಗುವ ತೊಂದರೆಯನ್ನು ಐಕ್ಯಾನ್ಸ್ ಎನ್ನುತ್ತಾರೆ. ಮಾತು ತಡವರಿಸುತ್ತದೆ, ಬರೆಯುವ ಕೈ ತಪ್ಪುತ್ತದೆ. ನಾವು ಹಾಸಿಗೆಯ ಪಕ್ಕ ದಿನವೂ ಒಂದು ವಾಕ್ಯ ಬರೆಸುತ್ತೇವೆ. ಅಕ್ಷರ ಕೆಟ್ಟ ದಿನ ಎಚ್ಚರವಾಗುತ್ತೇವೆ. ಹೆಚ್ಚಿನವರಲ್ಲಿ ಎಂಆರ್‌ಐ ಆಗಲೂ ಸರಿಯಾಗಿಯೇ ಇರುತ್ತದೆ. 2021ರಲ್ಲಿ ಬಂದ ಒಂದು ವರದಿಯಲ್ಲಿ, ಮೈಲೋಮಾ ಎಂಬ ರಕ್ತ ಕ್ಯಾನ್ಸರಿಗೆ, ಬಿಸಿಎಂಎ ಎಂಬ ಗುರುತನ್ನು ಹಿಡಿಯುವ ಕಾರ್-ಟಿ ಪಡೆದವರೊಬ್ಬರಿಗೆ ಪಾರ್ಕಿನ್ಸನ್ ತರಹದ ಚಲನೆಯ ತೊಂದರೆ ಬಂದಿತ್ತು. ಎಂಆರ್‌ಐಯಲ್ಲಿ ಏನೂ ಸಿಗಲಿಲ್ಲ. ಎಫ್‌ಡಿಜಿ ಪೆಟ್‌ನಲ್ಲಿ ಮೆದುಳಿನ ಆಳದ ಕಾಡೇಟ್ ಭಾಗ ಮಂಕಾಗಿತ್ತು. ಈ ಲೇಖನದಲ್ಲಿ ಉದ್ದಕ್ಕೂ ಕಪ್ಪಾದದ್ದರ ಬಗ್ಗೆ ಹೇಳಿದ್ದೇನೆ. ಮಂಕಾದದ್ದನ್ನೂ ಹುಡುಕಬೇಕು.

11. ಗಟ್ಟಿ ಗೆಡ್ಡೆಗಳಿಗೆ ಜಾಡು ಹಿಡಿಯದೆ ಗತಿಯಿಲ್ಲ

ರಕ್ತದ ಕ್ಯಾನ್ಸರಿನಲ್ಲಿ ಕಾರ್-ಟಿ ಗೆದ್ದಿದೆ. ಅಲ್ಲಿ ಶತ್ರು ರಕ್ತದಲ್ಲಿ, ಮಜ್ಜೆಯಲ್ಲಿ ಎದುರಿಗೇ ಸಿಗುತ್ತಾನೆ. ಮೇದೋಜೀರಕ, ಅಂಡಾಶಯ, ಮೆದುಳಿನ ಗೆಡ್ಡೆಗಳಲ್ಲಿ ಫಲ ಇನ್ನೂ ಅಲ್ಲೊಂದು ಇಲ್ಲೊಂದು. ಅಲ್ಲಿ ಚಿಕಿತ್ಸೆ ಸೋತಾಗ ಮೂರು ಕಾರಣಗಳಿರಬಹುದು: ಕೋಶ ಗೆಡ್ಡೆಗೆ ತಲುಪಲೇ ಇಲ್ಲ, ತಲುಪಿ ಸತ್ತಿತು, ಇಲ್ಲವೇ ಬದುಕಿದ್ದರೂ ದಣಿದು ಕೆಲಸ ನಿಲ್ಲಿಸಿದೆ. ತಲುಪದಿದ್ದರೆ ಕೊಡುವ ದಾರಿ ಬದಲಿಸಬೇಕು. ಸತ್ತರೆ ಕೋಶದ ತಯಾರಿಕೆ ಬದಲಾಗಬೇಕು. ದಣಿದಿದ್ದರೆ ಜೊತೆಗೆ ಬೇರೆ ಔಷಧ ಬೇಕು. ಒಂದು ಸೂಜಿಯ ಬಯಾಪ್ಸಿ ಒಂದು ಮೂಲೆಯ ಸುದ್ದಿಯನ್ನಷ್ಟೇ ತರುತ್ತದೆ. ಹತ್ತು ಕಡೆ ಹರಡಿದ ರೋಗದಲ್ಲಿ ಒಂದು ಗೆಡ್ಡೆಗೆ ಕೋಶ ಹೋಗಿ ಪಕ್ಕದ್ದಕ್ಕೆ ಹೋಗದಿರುವುದು ಸ್ಕ್ಯಾನಿನಲ್ಲಿ ಮಾತ್ರ ಗೊತ್ತಾಗುತ್ತದೆ. ಗುರುತಿನ ಜೀನ್ ಸೇರಿಸಲು ವೈರಸ್ಸಿನಲ್ಲಿ ಜಾಗ ಬೇಕು, ಖರ್ಚು ಬೇಕು, ಅನುಮತಿ ಬೇಕು ಎಂಬ ಆಕ್ಷೇಪಗಳು ನಿಜ. ಆದರೂ ಲಕ್ಷಗಟ್ಟಲೆ ಖರ್ಚಿನ ಚಿಕಿತ್ಸೆ ಸೋತು, ಯಾಕೆ ಸೋತಿತೆಂದೂ ತಿಳಿಯದೆ ಹೋಗುವುದು ಅದಕ್ಕಿಂತ ದುಬಾರಿ.

ನಮ್ಮ ದೇಶದಲ್ಲಿ ಈಗ ಗಟ್ಟಿ ಗೆಡ್ಡೆಗಳಿಗೆ ಕಾರ್-ಟಿ ಯೋಜನೆ ಹಾಕುತ್ತಿರುವವರಿಗೆ ನನ್ನದೊಂದು ವಿನಂತಿ. ಪ್ರೋಟೋಕಾಲ್ ಬರೆಯುವ ಮೊದಲ ಸಭೆಗೇ ನಿಮ್ಮ ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್ ವೈದ್ಯರನ್ನು ಕರೆಯಿರಿ. ಎಲ್ಲರಿಗೂ ಬೇಡ, ಮೊದಲ ಕೆಲವು ರೋಗಿಗಳಿಗಾದರೂ, ಅವರ ಒಪ್ಪಿಗೆ ಪಡೆದು, ಕೋಶದ ಜಾಡು ಹಿಡಿಯುವ ಸ್ಕ್ಯಾನನ್ನು ಸೇರಿಸಿ. ರೋಗಿಯ ಮನೆಯವರಿಗೂ ಒಂದು ಮಾತು: ದೊಡ್ಡ ಆಸ್ಪತ್ರೆಗೆ ಬರುವಾಗ ಫಿಲ್ಮು, ರಿಪೋರ್ಟು ಮಾತ್ರ ತಂದರೆ ನಮಗೆ ಅಳೆಯಲು ಬರುವುದಿಲ್ಲ. ಹಿಂದೆ ಮಾಡಿಸಿದ ಪ್ರತಿ ಪೆಟ್ ಸ್ಕ್ಯಾನಿನ ಸಿ.ಡಿ. ಕೇಳಿ ಪಡೆದುಕೊಂಡು, ದಿನಾಂಕ ಬರೆದು, ಜೊತೆಗೆ ತನ್ನಿ.